ಬದುಕಿದ್ದವರಿಗೆ ಇಟ್ಟ ಎಡೆ

“ಏನ್ಲಾ ಲಕ್ಷ್ಮೀಶ, ಈ ಸಲ ಮಾರ್ನಮಿಗೆ ನಿಮ್ಮಣ್ಣನ ಎಡೆಗೆ ಅಂಗಿ ತರ್ತೀರೋ, ಸೀರೆ ರವಿಕೆ ತರ್ತೀರೋ?”

ಮಾದಿಹಳ್ಳಿಯ ಡೇರಿ ಮುಂದೆ ಬೆಳಗಿನ ಹಾಲು ಅಳೆಯುವ ಹೊತ್ತು. ಅರ್ಧ ಊರು ಕ್ಯಾನು ಹಿಡಿದು ಸಾಲಾಗಿ ನಿಂತಿತ್ತು. ಕೇಳಿದವನು ಪುಟ್ಟಸ್ವಾಮಿ. ತೆಂಗಿನ ತೋಟ, ಕೆರೆ ಕೆಳಗಿನ ಗದ್ದೆ, ಡೇರಿಯ ಡೈರೆಕ್ಟರ್‌ಗಿರಿ ಎಲ್ಲ ಇರುವವನು. ನನ್ನ ಹೆಸರು ಹಿಡಿದು ಕೇಳಿದರೂ ಅವನ ಕಣ್ಣು ಇದ್ದದ್ದು ನನ್ನ ಹಿಂದೆ ನಿಂತಿದ್ದ ಅಪ್ಪನ ಮೇಲೆ.

ಕೇಳಿ ಸುಮ್ಮನಾಗಲಿಲ್ಲ. ಬೆಂಗಳೂರಿಂದ ರೈಲಿನಲ್ಲಿ ಬರುವಾಗ ಅರಸೀಕೆರೆಯಲ್ಲಿ ಒಂದು ಕೋಜಾ ಹತ್ತಿತಂತೆ. ಚಪ್ಪಾಳೆ ತಟ್ಟಿಕೊಂಡು ಬಂದು ಇವನ ತಲೆ ಮೇಲೆ ಕೈಯಿಟ್ಟು ಕಾಸು ಕೇಳಿತಂತೆ. ಮುಖ ನೋಡಿದರೆ ಗಿಡ್ಡಪ್ಪನ ಹಿರಿಮಗ ನಟರಾಜ. ಗಲ್ಲದ ಮೇಲಿನ ಮಚ್ಚೆಯೂ ಇದ್ದಲ್ಲೇ ಇತ್ತಂತೆ.

“ಸತ್ತ ಅಂತ ನಿಮ್ಮ ಕೇರಿಗೆಲ್ಲ ಊಟ ಹಾಕ್ಸಿದ್ದೆಯಲ್ಲ ಗಿಡ್ಡಪ್ಪ,” ಅಂದ. “ನಿಮ್ಮಲ್ಲಿ ಹೆಣಗಳೂ ಮುಡಿತುಂಬ ಹೂ ಮುಡಿತಾವಾ?”

ಸಾಲಿನಲ್ಲಿದ್ದವರು ನಕ್ಕರು. ಕೆಲವರು ಬಾಯಿ ಮುಚ್ಚಿಕೊಂಡು ನಕ್ಕರು. ನಾನು ಕ್ಯಾನು ಬಿಸಾಕಿ ಅವನ ಕೊರಳಪಟ್ಟಿಗೆ ಕೈ ಹಾಕಿದೆ. ನಾಲ್ಕು ಜನ ಹಿಡಿದು ಎಳೆದರು. ಎಳೆಸಿಕೊಳ್ಳುತ್ತಲೇ ಹಿಂದೆ ತಿರುಗಿ ನೋಡಿದೆ. ಸುಳ್ಳು ಅಂತ ಅಪ್ಪ ಒಂದು ಮಾತು ಹೇಳುತ್ತಾನೆ ಅಂದುಕೊಂಡಿದ್ದೆ. ಅಪ್ಪ ತನ್ನ ಕ್ಯಾನಿನ ಹಾಲನ್ನು ಅಳತೆಗೆ ಸುರಿಯುತ್ತಿದ್ದ. ಒಂದು ಹನಿಯೂ ಚೆಲ್ಲಲಿಲ್ಲ. ಸತ್ತ ಮಗ ಬದುಕಿದ್ದಾನೆ ಎಂದು ಹೊಸದಾಗಿ ಕೇಳಿದ ಅಪ್ಪನ ಕೈ ಅಷ್ಟು ನೆಟ್ಟಗೆ ನಿಲ್ಲುವುದಿಲ್ಲ. ಅವನಿಗೆ ಗೊತ್ತಿತ್ತು.

ನಮ್ಮ ಮನೆಯಲ್ಲಿ ನಟರಾಜಣ್ಣ ಸತ್ತು ಎಂಟು ವರ್ಷವಾಗಿತ್ತು. ನಾನಾಗ ಚಿಕ್ಕವನು. ಅಣ್ಣ ನಮ್ಮ ಅಕ್ಕ ರಮಕ್ಕನ ಕಾಡಿಗೆ ಹಚ್ಚಿಕೊಂಡಿದ್ದಕ್ಕೆ ಅಪ್ಪ ಬೆಲ್ಟು ಬಿಚ್ಚಿ ಹೊಡೆದದ್ದು, ಅದಾದ ವಾರಕ್ಕೆ ಅಣ್ಣ ಮನೆ ಬಿಟ್ಟು ಹೋದದ್ದು ನೆನಪಿದೆ. ಅಪ್ಪ ಅರಸೀಕೆರೆಯಲ್ಲಿ ರೈಲ್ವೆ ಗ್ಯಾಂಗ್‌ಮನ್. ಅಲ್ಲೇ ಕ್ವಾರ್ಟರ್ಸಿನಲ್ಲಿದ್ದು ವಾರದ ರಜೆಗೆ ಊರಿಗೆ ಬರುತ್ತಾನೆ. ಹಾಗೆ ಒಂದು ರಜೆಗೆ ಬಂದವನು ಮನೆಯೊಳಕ್ಕೆ ಕಾಲಿಡದೆ ಹಿತ್ತಲಿಗೆ ಹೋಗಿ, ಉಟ್ಟ ಬಟ್ಟೆಯಲ್ಲೇ ತಲೆ ಮೇಲೆ ತಣ್ಣೀರು ಸುರಿದುಕೊಂಡ. ಮಣ್ಣಿಗೆ ಹೋಗಿ ಬಂದವರು ಮಾಡುವ ಸ್ನಾನ ಅದು. ಅವ್ವ ಓಡಿಬಂದು ಕೇಳಿದಳು. ನಟರಾಜ ಬೊಂಬಾಯಿ ಕಡೆ ರೈಲಿಗೆ ಸಿಕ್ಕಿ ಹೋದ, ಅಲ್ಲಿನವರೇ ಮಣ್ಣು ಮಾಡಿದರು, ಅಂದ. ರೈಲ್ವೆಯವನ ಬಾಯಿಂದ ಬಂದ ರೈಲಿನ ಸಾವು. ಯಾರೂ ಎರಡನೇ ಮಾತು ಕೇಳಲಿಲ್ಲ. ಹನ್ನೊಂದನೇ ದಿನಕ್ಕೆ ಕೇರಿಯ ಯಜಮಾನ ಗಂಗಯ್ಯ ಮೊದಲಾಗಿ ಎಲ್ಲರೂ ಬಂದು ಉಂಡು ಹೋದರು. ಮುಂದಿನ ಬೇಸಿಗೆಯಲ್ಲಿ ರಮಕ್ಕನ ಮದುವೆ ಆಗಿ ಅವಳು ಅರೇಹಳ್ಳಿಗೆ ಹೋದಳು.

ಆವಾಗಿನಿಂದ ಮಾರ್ನಮಿ ಅಮಾವಾಸ್ಯೆಗೆ, ಅಂದರೆ ಮನೆಯ ಹಿರಿಯರಿಗೆ ಎಡೆ ಇಡುವ ದಿನ, ನಮ್ಮ ನಡುಮನೆಯಲ್ಲಿ ಮೂರು ಎಲೆ. ತಾತನಿಗೊಂದು, ಅಜ್ಜಿಗೊಂದು, ನಟರಾಜಣ್ಣನಿಗೊಂದು. ಮುದ್ದೆ, ಕೋಳಿ ಸಾರು, ಕಡುಬು, ಪಾಯಸ, ಎಲೆಯ ಮುಂದೆ ಹೊಸ ಬಟ್ಟೆ. ಧೂಪ ಹಾಕಿ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡು ಜಗಲಿಯಲ್ಲಿ ಕೂರಬೇಕು. ಸತ್ತವರು ಬಂದು ಉಣ್ಣುವ ಹೊತ್ತದು, ಬದುಕಿದವರು ನೋಡಬಾರದು. ಆಮೇಲೆ ಬಾಗಿಲು ತಟ್ಟಿ, ಕೆಮ್ಮಿ, ಒಳಗೆ ಹೋಗಬೇಕು. ಪ್ರತಿ ವರ್ಷವೂ ಅವ್ವನೇ ಮೊದಲು ಹೋಗಿ ಮೂರನೇ ಎಲೆಯ ಮುಂದೆ ಕುಕ್ಕರಿಸುತ್ತಿದ್ದಳು. ಕಡುಬು ಮುರಿದಿದೆ, ಪಾಯಸದಲ್ಲಿ ಬೆರಳಾಡಿದೆ, ಬಂದಿದ್ದ ಕಣೋ ಅನ್ನುತ್ತಿದ್ದಳು. ಅತ್ತು ಹಗುರಾಗುತ್ತಿದ್ದಳು. ನಾನೂ ನೋಡಿದ್ದೇನೆ. ಕಡುಬು ಮುರಿದಿರುತ್ತಿತ್ತು.

ಎಡೆಗೆ ಇಟ್ಟ ಬಟ್ಟೆಯನ್ನು ಎತ್ತಿಡುವ ಹಾಗಿಲ್ಲ, ಮನೆಯವರು ಉಟ್ಟು ಹರಿಯಬೇಕು. ತಾತನ ಪಂಚೆ ಅಪ್ಪನಿಗೆ, ಅಜ್ಜಿಯ ಸೀರೆ ಅವ್ವನಿಗೆ, ಅಣ್ಣನ ಅಂಗಿ ನನಗೆ. ಅವ್ವ ಪ್ರತಿ ಸಲವೂ ಅಣ್ಣ ಮನೆ ಬಿಟ್ಟಾಗಿನ ಅಳತೆಗೇ ತರುತ್ತಿದ್ದಳು. ಮೊದಮೊದಲು ತೋಳು ಬೆರಳು ದಾಟಿ ಇಳಿಬೀಳುತ್ತಿತ್ತು. ಒಂದು ವರ್ಷ ಸರಿಯಾಯಿತು. ಅದರ ಮುಂದಿನ ವರ್ಷದಿಂದ ಬಿಗಿ. ಸತ್ತವನ ಮೈ ಬೆಳೆಯುವುದಿಲ್ಲವಲ್ಲ. ನಾನು ದೊಡ್ಡವನಾದದ್ದು ಆ ಅಂಗಿಗಳೊಳಗೇ.

ಡೇರಿಯಿಂದ ಮನೆಗೆ ಬಂದವನೇ ಎಲ್ಲವನ್ನೂ ಅವ್ವನ ಮುಂದೆ ಕಕ್ಕಿದೆ. ಅವಳು ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ತಿರುವುತ್ತಲೇ ಇದ್ದಳು. ಹಿಟ್ಟು ತಳ ಹಿಡಿದು ಹೊಗೆ ಬಂದರೂ ಕೋಲು ಬಿಡಲಿಲ್ಲ. ಅಪ್ಪ ಬಂದು ಹೊಸ್ತಿಲ ಮೇಲೆ ನಿಂತ. ಅವಳು ಅವನನ್ನು ನೋಡಿದಳು, ಅವನು ನೆಲ ನೋಡಿದ. ಅಷ್ಟೇ ಸಾಕಾಯಿತು ಅವಳಿಗೆ.

“ಅಂಗಾರೆ ಇಷ್ಟು ವರ್ಷ ನಾನು ಯಾರಿಗೆ ಉಣ್ಣಕ್ಕಿಕ್ದೆ?” ಅಂದಳು. “ಬಂದು ಉಂಡೋರು ಯಾರು?”

ಅಪ್ಪ ಡ್ಯೂಟಿಯ ಚೀಲ ತೆಗೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದ.

ಬದುಕಿದ್ದವರ ಹೆಸರಿಗೆ ಎಡೆ ಇಟ್ಟರೆ ಅವರ ಆಯಸ್ಸನ್ನು ತುತ್ತುತುತ್ತಾಗಿ ಉಣಿಸಿದ ಹಾಗೆ ಅನ್ನುತ್ತಾರೆ ನಮ್ಮಲ್ಲಿ. ಅವ್ವ ಅದನ್ನೇ ಹಿಡಿದುಕೊಂಡಳು. ನಡುಮನೆಯ ಆ ಮೂಲೆಯನ್ನು ಗುಡಿಸುವುದು ಬಿಟ್ಟಳು. ಹಗಲು ಹೊತ್ತಿನಲ್ಲೂ ಒಳಗೆ ಹೋಗುವ ಮೊದಲು ಬಾಗಿಲು ತಟ್ಟಿ ಕೆಮ್ಮುತ್ತಿದ್ದಳು, ಒಳಗೆ ಯಾರೋ ಉಣ್ಣುತ್ತ ಕೂತಿರುವ ಹಾಗೆ. ಮಾರ್ನಮಿಗೆ ಇನ್ನು ತಿಂಗಳೂ ಇರಲಿಲ್ಲ. ಈ ವರ್ಷ ಮೂರನೇ ಎಲೆ ಬೀಳಬಾರದು, ಬಿದ್ದರೆ ನನ್ನ ಮಗು ಉಳಿಯಲ್ಲ ಎಂದು ನನ್ನ ಕೈ ಹಿಡಿದು ಹೇಳಿದಳು. ಇಡದಿದ್ದರೆ ಕೇರಿ ಕೇಳುತ್ತದೆ, ರಮಕ್ಕನ ಗಂಡನ ಮನೆಯವರು ಕೇಳುತ್ತಾರೆ. ಇಟ್ಟರೆ ಅವ್ವ ಹುಚ್ಚಿಯಾಗುತ್ತಾಳೆ. ನಡುವೆ ನಾನು.

ನನ್ನದು ಬೇಲೂರಿನಲ್ಲಿ ಕಟ್ಟಡಗಳ ಸೆಂಟ್ರಿಂಗ್ ಕೆಲಸ. ಎಂಟನೇ ಕ್ಲಾಸಿಗೆ ಇಸ್ಕೂಲು ಬಿಟ್ಟವನಿಗೆ ಇನ್ನೇನು ಸಿಗುತ್ತದೆ. ಮಾರನೇ ದಿನ ಕೆಲಸ ತಪ್ಪಿಸಿ ಹಳೇಬೀಡಿಗೆ ಹೋಗಿ, ಜಾವಗಲ್ ಮೇಲೆ ಅರಸೀಕೆರೆಗೆ ಹೋಗುವ ಬಸ್ಸು ಹತ್ತಿದೆ. ಸಿಕ್ಕರೆ ಕೆನ್ನೆಗೆ ಬಾರಿಸಬೇಕು, ಆಮೇಲೆ ಮನೆಗೆ ಎಳೆದುಕೊಂಡು ಬರಬೇಕು ಎಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡಿದ್ದೆ.

ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನಲ್ಲಿ ಕೂತಿದ್ದೆ. ಹುಬ್ಬಳ್ಳಿ ಕಡೆಯ ರೈಲು ಬಂದು ಹೋಯಿತು. ಅದರಿಂದ ಇಳಿದ ಮೂವರು ಚಪ್ಪಾಳೆ ತಟ್ಟಿಕೊಂಡು, ನಗಾಡಿಕೊಂಡು ನನ್ನ ಕಡೆಗೇ ಬಂದರು. ಹಸಿರು ಸೀರೆಯವಳ ಕೈ ಮೇಲೆದ್ದದ್ದು ಹಾಗೇ ನಿಂತಿತು. ಗಲ್ಲದ ಮೇಲೆ ಮಚ್ಚೆ. ಉಳಿದಿಬ್ಬರನ್ನು ಮುಂದೆ ಕಳಿಸಿ ನನ್ನ ಹತ್ತಿರ ಬಂದಳು. ನನ್ನ ಮುಖ ನೋಡಲಿಲ್ಲ, ಅಂಗಿ ನೋಡಿದಳು.

“ಯಾವ ವರ್ಷದ್ದು ಇದು?”

“ಹೋದ ವರ್ಷದ್ದು.”

“ಬಿಗಿ ಆಗೈತೆ ನಿಂಗೆ.”

ಬಾರಿಸಬೇಕೆಂದಿದ್ದ ಕೈ ಎಲ್ಲಿ ಹೋಯಿತೋ. ಪಕ್ಕದಲ್ಲಿ ಕೂತಳು. ಈಗ ಅವಳ ಹೆಸರು ಲತಾಮಣಿ. ರೈಲ್ವೆ ಗೇಟಿನ ಆಚೆ ಇಂಥವರೇ ನಾಲ್ಕೈದು ಜನ ಸೇರಿ ಒಂದು ಮನೆ ಮಾಡಿಕೊಂಡಿದ್ದರು. ಬದುಕಿದ್ದೀಯಲ್ಲ, ಒಂದು ಸಲ ಬಂದು ಅವ್ವನ ಮುಂದೆ ನಿಲ್ಲೋಕೆ ಏನಾಗಿತ್ತು ನಿನಗೆ ಎಂದು ರೇಗಿದೆ. ಬಂದಿದ್ದೆ ಅಂದಳು.

ಒಂದು ಮಾರ್ನಮಿಯ ಸಂಜೆ ಬಂದಿದ್ದಳಂತೆ. ಮುಂದಿನಿಂದ ಬರಲು ಧೈರ್ಯ ಸಾಲದೆ ಹಿತ್ತಲ ಬಾಗಿಲಿಂದ ಒಳಗೆ ಬಂದಿದ್ದಾಳೆ. ನಾವೆಲ್ಲ ಬಾಗಿಲು ಎಳೆದುಕೊಂಡು ಜಗಲಿಯಲ್ಲಿ ಕೂತಿದ್ದೆವು. ನಡುಮನೆಯಲ್ಲಿ ಮೂರು ಎಲೆ, ಮೂರನೆಯದರ ಮುಂದೆ ಗಂಡಸರ ಅಂಗಿ. ಆಗಲೇ ಅವಳಿಗೆ ತಾನು ಸತ್ತಿರುವುದು ಗೊತ್ತಾದದ್ದು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಕೂತು ಒಂದು ಕಡುಬು ಮುರಿದು ತಿಂದಳು. ಬಾಗಿಲು ತಟ್ಟುವ ಸದ್ದಾದ ಕೂಡಲೇ ಹಿತ್ತಲ ಹುಲ್ಲಿನ ಬಣವೆ ಹಿಂದೆ ಹೋಗಿ ನಿಂತಳು.

“ಅವ್ವ ಬಂದಿದ್ದ ಕಣೋ ಅಂದದ್ದು ಕೇಳಿಸ್ತು. ಎಷ್ಟು ಸಮಾಧಾನ ಇತ್ತು ಗೊತ್ತಾ ಅವಳ ದನೀಲಿ. ನಾನು ಹಿಂಗೆ ಎದುರಿಗೆ ನಿಂತಿದ್ರೆ ಅಷ್ಟು ಸಮಾಧಾನ ಆಗ್ತಿತ್ತಾ? ಸತ್ತಿರದೇ ವಾಸಿ ಅನ್ನಿಸ್ತು. ಹೊಂಟು ಬಂದೆ.”

ಅದಾದ ಮೇಲೆ ಪ್ರತಿ ಮಾರ್ನಮಿಗೂ ಅವಳಿಗೆ ಜ್ವರ. ಆವತ್ತು ಗಂಟಲಲ್ಲಿ ಅನ್ನ ಇಳಿಯುವುದಿಲ್ಲ, ಆಗಲೇ ಉಂಡು ಎದ್ದ ಹಾಗೆ ಹೊಟ್ಟೆ ಕಲ್ಲಾಗಿರುತ್ತದೆ. ಜೊತೆಯವರು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕುತ್ತಾರೆ. ಘಾಟೇ ಬರುವುದಿಲ್ಲವಂತೆ.

ಬಂದದ್ದು ಎಷ್ಟು ವರ್ಷ ಎಂದು ಕೇಳಿದೆ.

“ಒಂದೇ ವರ್ಷ.”

“ಮಿಕ್ಕ ವರ್ಷ ಕಡುಬು ಮುರಿದೋರು ಯಾರು?”

ನನ್ನ ಮುಖವನ್ನೇ ನೋಡಿದಳು.

ಅಷ್ಟರಲ್ಲಿ ಹಳಿಯ ಮೇಲೆ ಗ್ಯಾಂಗಿನವರು ಹಾರೆ, ಸುತ್ತಿಗೆ ಹೊತ್ತು ಸಾಲಾಗಿ ಬಂದರು. ಕೊನೆಯವನು ಅಪ್ಪ. ನಾವು ಕೂತ ಪ್ಲಾಟ್‌ಫಾರ್ಮಿನ ಕೆಳಗೇ ಹಾದುಹೋದ. ತಲೆ ಎತ್ತಲಿಲ್ಲ. ಆದರೆ ಬೆಂಚಿನ ನೇರಕ್ಕೆ ಬಂದಾಗ ಅವನ ನಡಿಗೆ ತುಸು ನಿಧಾನವಾಯಿತು. ದಿನಾ ಹಿಂಗೇ, ಅಂದಳು ಲತಾಮಣಿ. ನಾನು ಎದ್ದು ಹಾರಿ ಅವನ ಕೊರಳು ಹಿಡಿಯಬೇಕೆಂದಿದ್ದೆ. ಅವಳು ನನ್ನ ತೋಳು ಬಿಗಿಯಾಗಿ ಹಿಡಿದಳು. ಕೂಗಾಡಿದರೆ ಅವನು ಇನ್ನೂ ಒಳಕ್ಕೆ ಹೋಗುತ್ತಾನೆ, ಹಗರೆಯ ಅನುಸೂಯಮ್ಮ ಅಂತ ಇದ್ದಾರೆ, ಅವರನ್ನು ಕಾಣು ಅಂದಳು. ತಾನಂತೂ ಮನೆಗೆ ಬರುವುದಿಲ್ಲ. ಎಡೆ ಒಂದು ನಿಂತರೆ ಸಾಕು, ಈ ವರ್ಷವಾದರೂ ಆವತ್ತು ಒಂದು ತುತ್ತು ಅನ್ನ ಇಳಿಯಲಿ.

ಅನುಸೂಯಮ್ಮ ಹಗರೆಯ ಗೌಡರ ಮನೆಯವರು. ಅವರ ಮಗ ದೀಪಕ್ ಮೈಸೂರಿನಲ್ಲಿ ಇನ್ನೊಬ್ಬ ಗಂಡಸಿನ ಜೊತೆ ಸಂಸಾರ ಮಾಡಿಕೊಂಡಿದ್ದ. ಅದು ತಿಳಿದಾಗ ಲೋಕದಲ್ಲೆಲ್ಲ ತಾನೊಬ್ಬಳೇ ಇಂಥ ತಾಯಿ ಎಂದುಕೊಂಡು ಎರಡು ವರ್ಷ ಮದುವೆ ಮುಂಜಿಗೆ ಹೋಗುವುದನ್ನೆಲ್ಲ ಬಿಟ್ಟಿದ್ದರಂತೆ. ಆಮೇಲೆ ಇನ್ನೊಬ್ಬ ತಾಯಿ ಸಿಕ್ಕಳು, ಅವಳಿಂದ ಒಬ್ಬ ಅಪ್ಪ. ಈಗ ಏಳೆಂಟು ಮನೆಯವರು. ಭಾನುವಾರ ಅರಸೀಕೆರೆಯಲ್ಲಿ ಕೊಬ್ಬರಿ ಗೋಡೌನಿನ ಹಿಂದಿನ ಒಂದು ಕೋಣೆಯಲ್ಲಿ ಸೇರುತ್ತಿದ್ದರು. ಯಾವುದೋ ಊರಿನ ಠಾಣೆಯಲ್ಲಿ ಇಂಥ ಮಕ್ಕಳನ್ನು ಸುಮ್ಮಸುಮ್ಮನೆ ಕೂಡಿಹಾಕಿದಾಗ ಈ ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ, ಬಿಡುವ ತನಕ ಠಾಣೆಯ ಮೆಟ್ಟಿಲ ಮೇಲೇ ಊಟ ಮಾಡಿಕೊಂಡು ಕೂತಿದ್ದರಂತೆ. ನಾವು ತಾಯಂದಿರು, ಮಕ್ಕಳನ್ನು ಕರೆದುಕೊಂಡು ಹೋಗೋಕೆ ಬಂದಿದ್ದೀವಿ ಅನ್ನುವುದು ಬಿಟ್ಟು ಬೇರೆ ಮಾತಿಲ್ಲ.

ಲತಾಮಣಿಯನ್ನು ಕಂಡದ್ದನ್ನು ಅವ್ವನಿಗೆ ತಿಳಿಸಿ, ನಾನು ಹಗರೆಗೆ ಹೋಗಿ ಅವರಿಗೆ ಪುಟ್ಟಸ್ವಾಮಿಯ ಕಥೆ ಹೇಳಿದೆ. ನಿಮ್ಮ ಜಾತಿಯವನೇ, ನೀವೇ ಬಂದು ಡೇರಿ ಮುಂದೆ ನಾಲ್ಕು ಉಗೀರಿ ಅಂದೆ. ಅವರು ನಗಲೂ ಇಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ.

“ಉಗಿದ್ರೆ ಒಂದು ದಿನದ ಖುಷಿ ಕಣಪ್ಪ. ನಿಮ್ಮಪ್ಪಂಗೆ ಬೇಕಾಗಿರದು ಜೊತೆ.”

ಅವರ ಕ್ರಮ ಅದೇ. ಮಕ್ಕಳನ್ನು ಮೊದಲು ಮನೆಗೆ ಕರೆತರುವುದಿಲ್ಲ. ಮೊದಲು ಹೋಗುವವರು ಅಪ್ಪ ಅಮ್ಮಂದಿರು. ಬುದ್ಧಿ ಹೇಳುವುದಿಲ್ಲ, ತಮ್ಮ ಮನೆಯಲ್ಲಿ ಏನಾಯಿತೋ ಅದನ್ನು ಹೇಳಿ, ಅಲ್ಲೇ ಉಂಡು ಬರುತ್ತಾರೆ.

ಅಪ್ಪನ ರಜೆಯ ದಿನ ಅನುಸೂಯಮ್ಮ ಬಂದರು. ಜೊತೆಯಲ್ಲಿ ನಂಜಪ್ಪ ಅನ್ನುವವರು, ಬಸ್ಸು ಓಡಿಸಿ ರಿಟೈರ್ ಆದವರು. ಗೌಡರ ಹೆಂಗಸು ನಮ್ಮ ಕೇರಿಗೆ ಬಂದು, ನಮ್ಮ ಹೊಸ್ತಿಲು ದಾಟಿ, ಹಸಿವಾಗ್ತೈತೆ ಸಣ್ಣತಾಯಮ್ಮ, ಮುದ್ದೆ ಐತಾ ಎಂದು ಅವ್ವನನ್ನು ಕೇಳಿದ್ದಕ್ಕೆ ಕೇರಿಯ ಅರ್ಧ ಬಾಗಿಲುಗಳು ತೆರೆದವು. ಅಪ್ಪ ಗೋಡೆಗೆ ಮುಖ ಮಾಡಿ ಕೂತಿದ್ದ. ನಂಜಪ್ಪ ಉಣ್ಣುತ್ತ ಉಣ್ಣುತ್ತ ತಮ್ಮ ಮಗಳ ವಿಷಯ ಹೇಳಿದರು. ಅವಳು ಇನ್ನೊಬ್ಬ ಹುಡುಗಿಯ ಜೊತೆ ಹೋದದ್ದು, ತಾವು ಮಚ್ಚು ಹಿಡಿದು ಹುಡುಕಿದ್ದು, ಸಿಗದೇ ಇದ್ದದ್ದು ತಮ್ಮ ಪುಣ್ಯ ಎಂದು ಈಗ ಅನ್ನಿಸುವುದು. ಅವ್ವ ಬಾಗಿಲ ಸಂದಿಯಿಂದ ಒಂದೇ ಮಾತು ಕೇಳಿದಳು, ನನ್ನ ಮಗು ಹೊಟ್ಟೆ ತುಂಬ ಉಣ್ಣುತ್ತದಾ ಎಂದು.

ಅಪ್ಪ ಗೋಡೆಯ ಕಡೆಯಿಂದಲೇ ಮಾತಾಡಿದ.

“ನಾನು ದಿನಾ ನೋಡ್ತೀನಿ ಅಮ್ಮಾರೆ. ಬ್ಯಾರೆ ಕಡೆ ಹಾಕಿದ್ರು, ಕೈ ಕಾಲು ಹಿಡಿದು ಇಲ್ಲೇ ಉಳ್ಕಂಡೆ. ರೈಲು ಹತ್ತೋದು ಇಳಿಯೋದು ಮಾಡ್ತದಲ್ಲ, ಕಾಲು ಜಾರಿದ್ರೆ? ನಾನು ಆ ಹಳಿ ಬಿಟ್ರೆ ಅದನ್ನ ನೋಡೋರು ಯಾರವ್ರೆ?”

ನನ್ನ ತಲೆಗೆ ರಕ್ತ ಏರಿತು. ದಿನಾ ಕಣ್ಣಾರೆ ನೋಡಿ ಬಂದು ಇಲ್ಲಿ ಹೆಣದ ಅಂಗಿಯನ್ನು ನನ್ನ ಮೈಗೆ ತೊಡಿಸುತ್ತಿದ್ದೆಯಾ ಎಂದು ಅರಚಿದೆ. ಸೀರೇಲಿ ಕಂಡ ದಿನ ಸತ್ತ ಅಂತ ಒಂದು ಸಲ ಬಾಯಿಂದ ಬಂದುಬಿಡ್ತು, ಆಮೇಲೆ ವಾಪಸು ತಗಳಕ್ಕೆ ದಾರಿ ಕಾಣಲಿಲ್ಲ ಅಂದ. ಅನುಸೂಯಮ್ಮ ನನ್ನನ್ನು ಕೈಸನ್ನೆಯಲ್ಲೇ ಕೂರಿಸಿದರು. ಅಪ್ಪನಿಗೆ ಹೇಳಿದ್ದು ಇಷ್ಟೇ. ಮನೆಗೆ ಸೇರಿಸು ಅನ್ನಲ್ಲ, ಊರ ಮುಂದೆ ಮೆರವಣಿಗೆ ಮಾಡು ಅನ್ನಲ್ಲ, ಮೂರನೇ ಎಲೆ ಹಾಕಬೇಡ. ಆವತ್ತು ಕೇರಿಯವರು ಕೇಳಿದರೆ ನೀನೊಬ್ಬನೇ ಇರುವುದಿಲ್ಲ, ನಾವೆಲ್ಲ ಬಂದು ನಿನ್ನ ಜಗಲಿ ಮೇಲೆ ಕೂತಿರ್ತೀವಿ.

ಅಪ್ಪ ಎದ್ದು ಅವರಿಗೆ ಕೈ ತೊಳೆಯಲು ನೀರು ತಂದಿಟ್ಟ.

ಹಬ್ಬದ ಹಿಂದಿನ ದಿನವೇ ರಮಕ್ಕ ಅರೇಹಳ್ಳಿಯಿಂದ ಬಂದಳು. ಇದೊಂದು ವರ್ಷ ಇಟ್ಟುಬಿಡ್ರೋ, ಅಲ್ಲಿ ನನ್ನ ಅತ್ತೆ ನನ್ನನ್ನು ಬಾಳಗೊಡಲ್ಲ ಎಂದು ಅತ್ತಳು. ಅವ್ವ ಅವಳ ಕಣ್ಣು ಒರೆಸಿದಳು, ಮಾತು ಮಾತ್ರ ಕೊಡಲಿಲ್ಲ. ಅಂಗಿ ತರುವುದಕ್ಕೆ ನಾನೂ ಹೋಗಲಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ಅನುಸೂಯಮ್ಮ, ನಂಜಪ್ಪ, ನನಗೆ ಹೆಸರು ಗೊತ್ತಿಲ್ಲದ ಇನ್ನೂ ಇಬ್ಬರು ತಾಯಂದಿರು ಬಂದು ಜಗಲಿಯಲ್ಲಿ ಕೂತರು. ಹೊತ್ತು ಇಳಿಯುವಾಗ ಎಡೆಯ ಊಟಕ್ಕೆ ಗಂಗಯ್ಯ, ಚಿಕ್ಕಣ್ಣ, ಕೇರಿಯ ಹಿರಿಯರು ಬಂದರು. ಒಳಗೆ ಅವ್ವ ಆ ಮೂಲೆಯನ್ನು ಬಹಳ ದಿನದ ಮೇಲೆ ಸಾರಿಸಿದ್ದಳು. ಅಪ್ಪ ಹಿತ್ತಲಿಂದ ಎಲೆ ಕೊಯ್ದು ತೊಳೆದುಕೊಂಡು ಬಂದ. ಮೂರು ಎಲೆ. ಅವ್ವ ಅವನ ಕೈಯಿಂದ ಒಂದು ತೆಗೆದುಕೊಂಡು ಹಾಸಿದಳು. ಇನ್ನೊಂದು ತೆಗೆದುಕೊಂಡು ಹಾಸಿದಳು. ಮೂರನೆಯದನ್ನು ಅವನ ಕೈಯಲ್ಲೇ ಬಿಟ್ಟು ಕೋಳಿ ಸಾರಿನ ಪಾತ್ರೆ ತರಲು ಹೋದಳು. ಅವನು ಅದನ್ನು ಹಿಡಿದುಕೊಂಡು ನಡುಮನೆಯಲ್ಲಿ ನಿಂತ. ಎಲೆಯಿಂದ ನೀರು ಅವನ ಪಾದದ ಮೇಲೆ ಹನಿಯುತ್ತಿತ್ತು. ಆ ಖಾಲಿ ಜಾಗದ ಮುಂದೆ ಧೂಪದ ಹೊಗೆ ಸುತ್ತಿಕೊಂಡು ನಿಂತುಬಿಟ್ಟಿತ್ತು. ರಮಕ್ಕ ಅದನ್ನು ನೋಡಲಾರದೆ ಸೆರಗು ಬಾಯಿಗಿಟ್ಟುಕೊಂಡು ಕಂಬದ ಹಿಂದೆ ಸರಿದಳು.

ಗಂಗಯ್ಯ ಬಾಗಿಲಿಂದ ಇಣುಕಿ ಎಲೆ ಎಣಿಸಿದ. ಯಾಕೆ ಎರಡೇ ಎಂದು ಕೇಳಿದ.

ಅವ್ವ ಪಾತ್ರೆ ಕೆಳಗಿಟ್ಟು ಹೊರಗೆ ಬಂದಳು. ಗಂಡಸರ ಮುಂದೆ ಅವಳು ಹಾಗೆ ನೆಟ್ಟಗೆ ನಿಂತದ್ದನ್ನು ನಾನು ಕಂಡಿರಲಿಲ್ಲ.

“ನನ್ನ ಮಗು ಬದುಕೈತೆ ಯಜಮಾನ. ಲತಾಮಣಿ ಅಂತ ಹೆಸರು.”

ಎಂಟು ವರ್ಷ ಉಂಡಿದ್ದು ಜೀರ್ಣ ಆಗೈತೆ, ಬಿಡಿ ಎಂದು ಚಿಕ್ಕಣ್ಣ ಗೊಣಗಿದ. ಯಾರೂ ನಗಲಿಲ್ಲ. ಗಂಗಯ್ಯನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಇತ್ತು. ಬದುಕಿದ್ದ ಕೂಸಿನ ಹನ್ನೊಂದನೇ ದಿನದ ಊಟ ಮೊದಲು ಉಂಡವನು ಅವನೇ.

“ಹೆತ್ತವಳು ಅನ್ನದು ಸಹಜ,” ಅಂದ. “ಗಿಡ್ಡಪ್ಪ, ಸತ್ತ ಅಂದೋನು ನೀನು. ನಿನ್ನ ಬಾಯಿಂದ ಕೇಳಿ ಉಂಡ್ವಿ. ಬದುಕೈತೆ ಅನ್ನದನ್ನೂ ನಿನ್ನ ಬಾಯಿಂದಲೇ ಕೇಳ್ಬೇಕು. ನಿನ್ನ ಮಗ ಸತ್ತವ್ನಾ, ಇದ್ದಾನಾ?”

ಅಪ್ಪ ಎಲೆ ಹಿಡಿದುಕೊಂಡೇ ಜಗಲಿಗೆ ಬಂದ. ನಂಜಪ್ಪ ಪಕ್ಕಕ್ಕೆ ಸರಿದು ಅವನಿಗೆ ಕೂರಲು ಜಾಗ ಮಾಡಿಕೊಟ್ಟರು. ಅನುಸೂಯಮ್ಮ ಅವನನ್ನೇ ನೋಡುತ್ತಿದ್ದರು, ಏನೂ ಹೇಳಿಕೊಡಲಿಲ್ಲ. ಅವನು ಅವ್ವನನ್ನು ನೋಡಿದ. ಕಂಬದ ಹಿಂದಿನ ರಮಕ್ಕನನ್ನು ನೋಡಿದ. ತುಟಿ ಅಲುಗಿತು. ಹೇಳು, ಒಂದೇ ಒಂದು ಮಾತು ಹೇಳಿ ಸಾಯಿ ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ. ಇಷ್ಟು ವರ್ಷ ಯಾರು ಕೇಳಿದರೂ ತಡವರಿಸದೆ ಸತ್ತ ಅನ್ನುತ್ತಿದ್ದ ಬಾಯಿ ಅದು. ಆವತ್ತು ಅದೂ ಬರಲಿಲ್ಲ, ಇದೂ ಬರಲಿಲ್ಲ.

ಮೆಟ್ಟಿಲು ಇಳಿದ. ಚಪ್ಪಲಿ ಹುಡುಕಲಿಲ್ಲ. ಗಂಗಯ್ಯ ಹಿಂದಿನಿಂದ ಇನ್ನೊಂದು ಸಲ ಕೇಳಿದ. ಅಪ್ಪ ಬೀದಿಯ ನಡುವೆ, ಎರಡೂ ಕಡೆ ಬಾಗಿಲಲ್ಲಿ ನಿಂತವರ ಮುಂದೆ, ಒದ್ದೆ ಎಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು ನಡೆದ. ಕೇರಿಯ ಕೊನೆಯ ಮನೆ ದಾಟಿದ. ಅರಸೀಕೆರೆಯ ಬಸ್ಸು ಸಿಗುವ ಹಳೇಬೀಡಿನ ರಸ್ತೆಗೆ ಹತ್ತಿದ. ತಿರುಗಿ ನೋಡಲಿಲ್ಲ.